ಎರಡಾಣೆಯ ಸಿರಿ
ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದಲ್ಲಿ ಸಮುದ್ರವಿರುವುದು ಹೆಸರಿನಲ್ಲಷ್ಟೇ. ಸುತ್ತಲೂ ಮಳೆ ಅಪರೂಪವಾದ ಬಯಲು. ಅಲ್ಲಿಂದ ಘಟ್ಟವಿಳಿದು ಮಂಗಳೂರು, ಉಡುಪಿಗಳ ತೆಂಗು ಕಂಗುಗಳನ್ನು ಕಂಡವರು, ಕರಾವಳಿಯ ಸಿರಿಯೆಲ್ಲ ಮಳೆಯ ಕೊಡುಗೆಯೆಂದು ಭಾವಿಸಿಯಾರು. ಮುರಕಲ್ಲಿನ ನೆಲ ಅಷ್ಟೊಂದು ಉದಾರಿಯಲ್ಲ. ಅಲ್ಲಿನ ಸಂಪತ್ತು ಬಹುಮಟ್ಟಿಗೆ ದುಡಿದು ಕೂಡಿಟ್ಟದ್ದು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೇಡಿಮಣ್ಣನ್ನು ಹೆಂಚಾಗಿಸಿದರು. 1906ರಿಂದ 1931ರೊಳಗೆ ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಬ್ಯಾಂಕುಗಳು ಅವಿಭಜಿತ ದಕ್ಷಿಣ ಕನ್ನಡದಲ್ಲೇ ಮೊಳೆತವು. 1928ರಲ್ಲಿ ಆರಂಭವಾದ ಸಿಂಡಿಕೇಟಿನ ‘ಪಿಗ್ಮಿ’ ಯೋಜನೆಯಂತೂ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಲ್ಲೇ ಪಡೆಯಿತು. ಬಡ ನೇಕಾರನೂ ಖಾತೆದಾರನಾದ. 2019, 2020ರ ವಿಲೀನಗಳಲ್ಲಿ ವಿಜಯಾ, ಕಾರ್ಪೊರೇಷನ್, ಸಿಂಡಿಕೇಟ್ ಎಂಬ ಹೆಸರುಗಳು ಅಳಿದವು. ಹುಟ್ಟೂರಿಗೆ ಅದು ಸಣ್ಣ ನಷ್ಟವಲ್ಲ. ಪಿಗ್ಮಿ ಸಂಗ್ರಾಹಕ ಮಾತ್ರ ಇಂದಿಗೂ, ಬಯಲುಸೀಮೆಯ ಪೇಟೆಗಳಲ್ಲಿಯೂ, ಅಂಗಡಿಯಿಂದ ಅಂಗಡಿಗೆ ನಡೆಯುತ್ತಿದ್ದಾನೆ.