ಅರುವತ್ತು ಚೀಲ, ಒಂದು ಡ್ರಮ್ಮು

ಮುಂಬಯಿಯ ಹಳೆಯ ಕಟ್ಟಡಗಳಲ್ಲಿ ಟ್ಯಾಂಕಿಗೆ ಹತ್ತಿರ ಇದ್ದವರಿಗೇ ನೀರು ಸಣ್ಣ. ಹತ್ತು ಮೀಟರ್ ಎತ್ತರದಿಂದ ಇಳಿದ ನೀರಿಗೆ ಸುಮಾರು ಒಂದು ಕಿಲೋ ಒತ್ತಡ. ಮುಲುಂಡಿನ ನಮ್ಮ ಏಳು ಮಾಳಿಗೆಯ ಸೊಸೈಟಿಯಲ್ಲಿ ಕೆಳಗಿನ ಮನೆಗೆ ಎರಡು ಕಿಲೋ ಸಿಕ್ಕಿದರೆ, ತಾರಸಿಯ ತರಕಾರಿ ತೋಟಕ್ಕೆ ಅದರ ಹತ್ತನೇ ಒಂದು ಪಾಲು.

ಮೇಲೆ ಅರುವತ್ತು ಚೀಲಗಳಿವೆ: ಬಸಳೆ, ಹರಿವೆ, ಬೆಂಡೆ, ಅಲಸಂಡೆ. ಆಫೀಸಿನ ಲೋಕಲ್ ಹಿಡಿಯುವ ಮುಂಚೆ ನೀರು ಬಿಟ್ಟರೆ ಎಲ್ಲರ ಸ್ನಾನದ ಹೊತ್ತು. ಎರಡನೇ ಸಾಲಿಗೇ ಪೈಪಿನ ನೀರು ನೂಲಾಗುತ್ತಿತ್ತು. ಏಳನೇ ಮಾಳಿಗೆಯ ಕಾಕುವಿನ ಬಕೆಟೂ ತುಂಬುತ್ತಿರಲಿಲ್ಲ. ಮಾತು ಸೊಸೈಟಿ ಮೀಟಿಂಗಿಗೆ ಹೋಯಿತು. ಪಂಪು ಕೂರಿಸಿ ಎಂದರು ಕೆಲವರು, ತೋಟವೇ ಬೇಡ ಎಂದರು ಕೆಲವರು. ಪಂಪು ಹಾಕಿದರೆ ಕಾಕುವಿನ ನೀರನ್ನು ಇನ್ನೂ ಜೋರಾಗಿ ಎಳೆದಂತೆ, ಅಷ್ಟೆ.

ನನ್ನೂರು ಅಡ್ಯನಡ್ಕದ ಕಡೆ. ಅಲ್ಲಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ನೀರು ದಾರದಂತೆ ಬರುತ್ತದೆ. 2022ರಲ್ಲಿ ಪದ್ಮಶ್ರೀ ಪಡೆದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಗುಡ್ಡ ಕೊರೆದು, ಕೆಲವು ಸುರಂಗಗಳಲ್ಲಿ ನೀರು ಸಿಗದಿದ್ದರೂ ಬಿಡದೆ, ಅಡಿಕೆ ತೋಟ ಎಬ್ಬಿಸಿದವರು. ಆ ದಾರವನ್ನು ಯಾರೂ ನೇರ ಗಿಡಕ್ಕೆ ಬಿಡುವುದಿಲ್ಲ. ರಾತ್ರಿಯಿಡೀ ತೊಟ್ಟಿಯಲ್ಲಿ ಕೂಡಿಟ್ಟು, ಬೆಳಗ್ಗೆ ಒಮ್ಮೆಲೇ ಬಿಡುತ್ತಾರೆ.

ನಮ್ಮ ತೊಟ್ಟಿ 200 ಲೀಟರಿನ ಡ್ರಮ್ಮು. ತುಂಬಿದರೆ ಎರಡು ಕ್ವಿಂಟಲ್ ಭಾರ, ಹಾಗಾಗಿ ಪಿಲ್ಲರಿನ ನೆತ್ತಿಯ ಮೇಲೆ ಇಟ್ಟಿದ್ದೇವೆ. ಊರು ಮಲಗಿದ ಮೇಲೆ ನಿಮಿಷಕ್ಕೆ ಅರ್ಧ ಲೀಟರ್ ಬಂದರೂ ಏಳು ಗಂಟೆಯೊಳಗೆ ತುಂಬುತ್ತದೆ. ಮತ್ತೆ ಫ್ಲೋಟ್ ವಾಲ್ವ್ ತಾನೇ ಮುಚ್ಚುತ್ತದೆ. ಸಪೂರ ಪೈಪು ಉದ್ದವಾದಷ್ಟೂ ಇದ್ದ ಒತ್ತಡವನ್ನೂ ತಿನ್ನುತ್ತದೆ. ಅದಕ್ಕೇ ನಡುವೆ ಒಂದು ಇಂಚಿನ ಪೈಪು, ಎರಡೂ ಬದಿಗೆ ಗಿಡ್ಡ ಕವಲುಗಳು. ಕೊನೆಯ ಬೆಂಡೆಗೂ ನೀರು ಮುಟ್ಟುತ್ತದೆ.

ಚೀಲಕ್ಕೆ ಎರಡು ಲೀಟರಿನಂತೆ ದಿನಕ್ಕೆ 120 ಲೀಟರ್. ನಗರದಲ್ಲಿ ತಲೆಗೆ 135 ಲೀಟರ್ ಎಂಬುದು ಸರಕಾರದ ಲೆಕ್ಕ. ಅಂದರೆ ಇಡೀ ತೋಟ ಒಬ್ಬ ಮನುಷ್ಯನಷ್ಟು ನೀರು ಕುಡಿಯುತ್ತದೆ. ಭಾತ್ಸಾದ ನೀರು ನೂರು ಕಿಲೋಮೀಟರ್ ದಾಟಿ ಇಲ್ಲಿಗೆ ಬರುತ್ತದೆ; ನಾವೂ ಹಾಗೆ ದೂರದಿಂದ ಬಂದು ಅದರಲ್ಲಿ ಪಾಲು ಕೇಳಿದವರೇ. ಸೊಸೈಟಿ ಈ ಇನ್ನೊಬ್ಬ ಬಿಡಾರದವನನ್ನೂ ಒಪ್ಪಿತು, ಒಂದು ಷರತ್ತಿನ ಮೇಲೆ: ಬೇಸಿಗೆಯಲ್ಲಿ ನೀರು ಕಡಿತವಾದರೆ ಮೊದಲು ಕಡಿಮೆಯಾಗುವುದು ತೋಟದ ಪಾಲು. ಆಗ ಹರಿವೆ ಕಿತ್ತು ಬಸಳೆ ಉಳಿಸುತ್ತೇವೆ. ಬುಡ ಇದ್ದರೆ ಸಾಕು, ಜೂನಿನ ಮಳೆಗೆ ಚಿಗುರುತ್ತದೆ.