ವಸಂತವನ್ನು ಹುಡುಕುವ ಸುಖ

ಫಾಲ್ಗುಣ ಕಾಲಿಟ್ಟಿತೆಂದರೆ ನನ್ನ ರಾತ್ರಿಗಳು ಇಂಟರ್ನೆಟ್ ಆರ್ಕೈವ್‌ಗೆ ಮೀಸಲು. ಯಾವ ಯಾವ ನಾಡಿನ ಜನ ವಸಂತವನ್ನು ಹೇಗೆ ಎದುರುಗೊಳ್ಳುತ್ತಾರೆಂದು ಹುಡುಕುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಬ್ರೂಸ್ಟರ್ ಕೇಲ್ 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶುರುಮಾಡಿದ ಈ ಆನ್‌ಲೈನ್ ಗ್ರಂಥಾಲಯದಲ್ಲಿ ಶತಮಾನ ದಾಟಿದ ಪುಸ್ತಕಗಳೂ ಪುಟಪುಟವಾಗಿ ಸ್ಕ್ಯಾನ್ ಆಗಿವೆ. ಹಳದಿಗಟ್ಟಿದ ಹಾಳೆ, ಯಾವುದೋ ಕಾಲೇಜಿನ ಮೊಹರು, ಹಿಂದೆ ಓದಿದವರು ಪೆನ್ಸಿಲಿನಲ್ಲಿ ಎಳೆದ ಗೆರೆ ಎಲ್ಲವೂ ಇದ್ದ ಹಾಗೇ ಕಾಣುತ್ತವೆ.

ನನ್ನ ಹುಡುಕಾಟಕ್ಕೆ ಒಂದು ಕ್ರಮವಿದೆ. ಮೊದಲು ವಿಶ್ವಕೋಶ, ಆಮೇಲೆ ಹಳಬರ ಪುಸ್ತಕ. ಪರ್ಷಿಯನ್ನರ ಹೊಸ ವರ್ಷವಾದ ನೌರೂಜ್ ಹಗಲು ರಾತ್ರಿ ಸಮನಾಗುವ ಮಾರ್ಚ್ 20 ಅಥವಾ 21ರ ಹೊತ್ತಿಗೆ ಬರುತ್ತದೆ, 2009ರಲ್ಲಿ ಯುನೆಸ್ಕೊದ ಪರಂಪರೆ ಪಟ್ಟಿ ಸೇರಿತು ಎಂಬಷ್ಟನ್ನು ವಿಶ್ವಕೋಶ ಹೇಳುತ್ತದೆ. ನನಗೆ ಅಷ್ಟು ಸಾಲದು. ವಿದ್ವಾಂಸ ಅಲ್ ಬಿರೂನಿ ಕ್ರಿ.ಶ. 1000ರ ಸುಮಾರಿಗೆ ಅರಬ್ಬಿಯಲ್ಲಿ ಬರೆದ ಕಾಲಗಣನೆಯ ಗ್ರಂಥವನ್ನು ಎಡ್ವರ್ಡ್ ಸಖಾವ್ 1879ರಲ್ಲಿ ಇಂಗ್ಲಿಷಿಗೆ ತಂದರು. ಅದನ್ನು ತೆರೆಯುತ್ತೇನೆ. ಪುಸ್ತಕದೊಳಗೇ ಹುಡುಕುವ ಸೌಲಭ್ಯವಿದ್ದರೂ ಹಳೆಯ ಮುದ್ರಣದಲ್ಲಿ ಹೆಸರುಗಳ ಕಾಗುಣಿತ ಬೇರೆ. ಬೇರೆ ಬೇರೆ ರೀತಿಯಲ್ಲಿ ಟೈಪ್ ಮಾಡಿ ನೋಡಬೇಕು, ಸಿಗದಿದ್ದರೆ ಪರಿವಿಡಿ ಹಿಡಿದು ಪುಟ ತಿರುವಬೇಕು.

ಹಾಗೆ ತಿರುವುವಾಗ ಸಿಕ್ಕ ವಿವರವಿದು: ನೌರೂಜ್‌ನಲ್ಲಿ ತಟ್ಟೆಯ ಸುತ್ತ ಏಳು ಸಾಲಿನಲ್ಲಿ ಏಳು ಬಗೆಯ ಧಾನ್ಯ ಬಿತ್ತುತ್ತಿದ್ದರಂತೆ. ಯಾವುದು ಹೇಗೆ ಮೊಳೆಯಿತೆಂದು ನೋಡಿ ಆ ವರ್ಷದ ಬೆಳೆಯನ್ನು ಅಂದಾಜು ಮಾಡುತ್ತಿದ್ದರಂತೆ. ಇರಾನಿನ ಮನೆಗಳಲ್ಲಿ ಇವತ್ತಿಗೂ ಹಬ್ಬಕ್ಕೆ ಗೋಧಿಯನ್ನೋ ಮಸೂರವನ್ನೋ ಮೊಳೆಸಿ ಸಸಿ ಬೆಳೆಸುತ್ತಾರೆ, ಹದಿಮೂರನೆಯ ದಿನ ಹರಿಯುವ ನೀರಿಗೆ ಬಿಡುತ್ತಾರೆ. ನವರಾತ್ರಿಯಲ್ಲಿ ಘಟದ ಬುಡದ ಮಣ್ಣಿಗೆ ಕಾಳು ಹಾಕಿ ಸಸಿಯ ಎತ್ತರ ನೋಡುವ ನಮ್ಮ ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ಹಬ್ಬ ಇನ್ನೊಂದಕ್ಕೆ ದಾರಿ ತೋರಿಸುತ್ತದೆ. ಬಲ್ಗೇರಿಯಾದವರು ಮಾರ್ಚ್ 1ರಂದು ಕೆಂಪು ಬಿಳಿ ನೂಲಿನ ಮಾರ್ಟೆನಿತ್ಸ ಕಟ್ಟಿಕೊಳ್ಳುತ್ತಾರೆ. ವಲಸೆಯಿಂದ ಮರಳಿದ ಕೊಕ್ಕರೆಯೋ ಹೂಬಿಟ್ಟ ಮರವೋ ಕಣ್ಣಿಗೆ ಬೀಳುವ ತನಕ ಅದನ್ನು ಬಿಚ್ಚುವುದಿಲ್ಲ. ಜಪಾನಿನ ಕ್ಯೋಟೊದಲ್ಲಿ ಚೆರ್ರಿ ಹೂ ನೋಡುವ ಸಂಭ್ರಮವನ್ನು ಅರಮನೆಯವರೂ ಸನ್ಯಾಸಿಗಳೂ ಒಂಬತ್ತನೆಯ ಶತಮಾನದಿಂದ ದಿನಚರಿಗಳಲ್ಲಿ ಬರೆದಿಟ್ಟಿದ್ದಾರೆ. ವಿಜ್ಞಾನಿ ಯಾಸುಯುಕಿ ಅಓನೊ ಆ ತಾರೀಖುಗಳನ್ನೆಲ್ಲ ಒಟ್ಟುಮಾಡಿದರು. 2021ರಲ್ಲಿ ಮಾರ್ಚ್ 26ಕ್ಕೇ ಹೂ ತುಂಬಿ ಅರಳಿದಾಗ, 1,200 ವರ್ಷಗಳ ದಾಖಲೆಯಲ್ಲಿ ಇಷ್ಟು ಬೇಗ ಎಂದೂ ಅರಳಿರಲಿಲ್ಲವೆಂದು ತಿಳಿದದ್ದು ಅದರಿಂದಲೇ. ಸಂತೋಷಕ್ಕೆಂದು ಬರೆದಿಟ್ಟದ್ದು ಹವಾಮಾನ ಶಾಸ್ತ್ರಕ್ಕೆ ಸಾಕ್ಷಿಯಾಯಿತು.

ನನ್ನನ್ನು ಬಹಳ ಕಾಡಿದ ಪ್ರಶ್ನೆ ಮಾತ್ರ ಮನೆಯ ಹತ್ತಿರದ್ದು. ತುಳುನಾಡಿನ ಬಿಸು, ಕೇರಳದ ವಿಷು, ಥಾಯ್ಲೆಂಡಿನ ಸೊಂಗ್‌ಕ್ರಾನ್ ಎಲ್ಲವೂ ಏಪ್ರಿಲ್ ನಡುವೆ ಬರುತ್ತವೆ, ನೌರೂಜ್‌ಗಿಂತ ಮೂರು ವಾರಕ್ಕೂ ಹೆಚ್ಚು ತಡವಾಗಿ. ಯಾಕೆ? ಉತ್ತರ ಸಿಕ್ಕಿದ್ದು ಪಂಚಾಂಗದ ಲೆಕ್ಕದಲ್ಲಿ. ಈ ಹಬ್ಬಗಳವರೆಲ್ಲ ಸೂರ್ಯ ಮೇಷ ರಾಶಿಗೆ ಬರುವ ದಿನವನ್ನು ನಕ್ಷತ್ರಗಳ ಆಧಾರದ ಮೇಲೆ ಹಿಡಿದವರು. ಭೂಮಿಯ ಅಕ್ಷ ಮೆಲ್ಲನೆ ಓಲುವುದರಿಂದ ಹಗಲಿರುಳು ಸಮನಾದಾಗ ಸೂರ್ಯನಿರುವ ವಿಷುವ ಬಿಂದು ನಕ್ಷತ್ರಗಳ ನಡುವೆ ಸುಮಾರು 72 ವರ್ಷಕ್ಕೆ ಒಂದು ಡಿಗ್ರಿಯಂತೆ ಹಿಂದೆ ಸರಿಯುತ್ತಾ ಬಂದಿದೆ. ಒಂದೂವರೆ ಸಾವಿರ ವರ್ಷ ಹಿಂದಕ್ಕೆ ಹೋದರೆ ಆ ಸಂಕ್ರಮಣವೂ ಹಗಲಿರುಳು ಸಮನಾಗುವ ದಿನವೂ ಹೆಚ್ಚುಕಡಿಮೆ ಒಂದೇ. ಟೆಹರಾನಿನ ಹಬ್ಬ, ಉಡುಪಿಯ ಹಬ್ಬ ಎರಡೂ ಆಕಾಶದ ಒಂದೇ ಗಳಿಗೆಯನ್ನು ಕಾದು ನಿಂತವರದ್ದು. ಅದನ್ನು ತಿಳಿದ ಮೇಲೆ ಬಿಸುವಿನ ಬೆಳಗ್ಗೆ ಮೊದಲು ನೋಡುವ ಕಣಿಯ ಮುಂದೆ ಕೂರುವ ಖುಷಿಯೇ ಬೇರೆ.

ಇಷ್ಟು ಓದಿ ನನಗೆ ಮನದಟ್ಟಾದದ್ದು ಒಂದು: ವಸಂತದ ಹಬ್ಬವೆಂದರೆ ಗಮನವಿಟ್ಟು ನೋಡುವುದು. ಮೊಳಕೆ, ಹಕ್ಕಿ, ಹೂವು, ಸೂರ್ಯ ಎಲ್ಲವನ್ನೂ ನೋಡಿದವರಿದ್ದರು, ಅವರಲ್ಲಿ ಕೆಲವರು ಬರೆದಿಟ್ಟರು, ಬರೆದದ್ದನ್ನು ಯಾರೋ ಸ್ಕ್ಯಾನ್ ಮಾಡಿ ನಮ್ಮ ತನಕ ಮುಟ್ಟಿಸಿದರು. ನಿಮ್ಮ ಊರಿನಲ್ಲಿ ಮಾವು ಯಾವತ್ತು ಹೂಬಿಟ್ಟಿತು, ಉಗಾದಿಯ ಮೊದಲ ಉಳುಮೆಯಾದ ಹೊನ್ನಾರು ಹೇಗೆ ಕಟ್ಟಿದರು ಎಂಬುದನ್ನು ತಾರೀಖು ಹಾಕಿ ಬರೆದಿಡಿ. ಮುಂದೆ ಹುಡುಕುವವರಿಗೆ ಕನ್ನಡದಲ್ಲೂ ಸಿಗಬೇಕು.