ತಗ್ಗಿನ ಕಾರು

ಚೋರನೂರಿನಲ್ಲಿ ಯಾರಾದರೂ ಹೊಸ ಕಾರು ತಂದು ಮನೆ ಮುಂದೆ ನಿಲ್ಲಿಸಿದರೆ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸುವ ಶಾಸ್ತ್ರ ಮುಗಿಯುವುದರೊಳಗೆ ಹಿರಿಯರೊಬ್ಬರು ಬಗ್ಗಿ ಅದರ ಹೊಟ್ಟೆಯ ಕೆಳಗೆ ನೋಡಿರುತ್ತಾರೆ. ಬೆಲೆ, ಮೈಲೇಜು, ಬಣ್ಣ ಎಲ್ಲ ಆಮೇಲಿನ ಮಾತು. ಮೊದಲ ಪ್ರಶ್ನೆ, "ತಳ ಬಡಿಯಂಗಿಲ್ಲ, ಹೌದಿಲ್ಲೋ?" ಈ ಪರೀಕ್ಷೆಯಲ್ಲಿ ಈಗ ಎಲ್ಲರೂ ಪಾಸು. ಕ್ರೆಟಾ, ಬ್ರೆಝಾ, ಪಂಚ್, ಸೆಲ್ಟೋಸ್, ಸ್ಕಾರ್ಪಿಯೋ, ಬರುವುದೆಲ್ಲ ಎದೆಯುಬ್ಬಿಸಿ ನಿಂತ ಗಾಡಿಗಳೇ. ನಪಾಸಾಗಿ ಊರಲ್ಲಿ ಉಳಿದಿರುವ ಕೆಲವೇ ಕಾರುಗಳಲ್ಲಿ ನನ್ನದೂ ಒಂದು. ಉದ್ದ ಮೂತಿ, ಉದ್ದ ಡಿಕ್ಕಿ, ನೆಲಕ್ಕೆ ಹತ್ತಿರದ ಸೀಟು. ಶೋರೂಮಿನವರು ಸೆಡಾನ್ ಅನ್ನುತ್ತಾರೆ. ನಮ್ಮೂರಿನವರಿಗೆ ಅದು ಮೇಷ್ಟ್ರ ತಗ್ಗಿನ ಕಾರು.

ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. ಒಂದು ಕಾಲಕ್ಕೆ ಯಾರೋ ಸಾಹೇಬರು ಹಿಂದಿನ ಸೀಟಿನಲ್ಲಿ ಕೂತು ಪೇಪರು ಓದುತ್ತ ಓಡಾಡಿದ ಗಾಡಿ, ಹೊಸ ಸಣ್ಣ ಕಾರಿನ ಬೆಲೆಗಿಂತ ಕಡಿಮೆಗೆ ಹೋಬಳಿ ಊರಿನ ಮೇಷ್ಟ್ರ ಕೈಗೆ ಬಂತೆಂದರೆ ಆ ಜಾತಿಯ ಕಾರುಗಳ ಜಾತಕ ಯಾರಿಗಾದರೂ ತಿಳಿಯುತ್ತದೆ. ಕೊಳ್ಳುವವರಿಲ್ಲ. "ಒಳ್ಳೆ ಗಾಡಿ ಸಾರ್, ಕೇಳೋರೇ ಇಲ್ಲ" ಎಂದು ಮಾರುವವನೇ ನನ್ನೆದುರು ನಿಟ್ಟುಸಿರು ಬಿಟ್ಟ. ಮದುವೆ ವಯಸ್ಸು ಮೀರಿದ ಹೆಣ್ಣಿನ ತಂದೆಯೂ ಹೀಗೆ ಬಾಯಿಬಿಟ್ಟು ಹೇಳುವುದಿಲ್ಲ.

ಇನ್ನೊಂದು ಅವಮಾನವೂ ಇದಕ್ಕೆ ಅಂಟಿಕೊಂಡಿದೆ. ಹೊಸಪೇಟೆ ಬಸ್ ನಿಲ್ದಾಣದ ಬಳಿ ಯಾರನ್ನೋ ಕಾಯುತ್ತ ನಿಂತರೆ, ಬ್ಯಾಗು ಹೊತ್ತ ಪ್ರವಾಸಿಗರು ಕಿಟಕಿಗೆ ಬಗ್ಗಿ, "ಹಂಪಿ ತೋರಿಸ್ಕೊಂಡು ಬರೋಕೆ ಎಷ್ಟು ತಗೋತೀರಾ?" ಎಂದು ಕೇಳುತ್ತಾರೆ. ನಂಬರ್ ಪ್ಲೇಟು ಹಳದಿಯಲ್ಲ, ಬಿಳಿ ಎಂಬುದನ್ನು ನೋಡುವ ತಾಳ್ಮೆ ಯಾರಿಗಿದೆ? ಬಿಳಿ ಬಣ್ಣ, ಹಿಂದೊಂದು ಡಿಕ್ಕಿ, ಅಷ್ಟಿದ್ದರೆ ಟ್ಯಾಕ್ಸಿ. ಅವರ ತಪ್ಪೇನಿಲ್ಲ. ಎಟಿಯೋಸ್, ಡಿಸೈರ್ ಕಾರುಗಳು ಬಾಡಿಗೆಗೆ ಓಡಿ ಓಡಿ ಆ ಆಕಾರಕ್ಕೇ ಬಾಡಿಗೆಯ ಮುದ್ರೆ ಒತ್ತಿಬಿಟ್ಟಿವೆ. ಐಷಾರಾಮದ ಗುರುತಾಗಿದ್ದ ಡಿಕ್ಕಿ ಈಗ ದುಡಿಯುವ ಡ್ರೈವರನ ಗುರುತು.

ಯಾಕೆ ಹೀಗಾಯಿತೆಂದು ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ರೋಡು. ಸಂಡೂರು ತಾಲ್ಲೂಕಿನಲ್ಲಿ ಹುಟ್ಟಿದವನಿಗೆ ರಸ್ತೆಯ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ನಾನಿದನ್ನು ಒಪ್ಪುವುದಿಲ್ಲ. ಈ ಸೀಮೆಯ ರಸ್ತೆಗಳು ಅತಿ ಕೆಟ್ಟಿದ್ದುದು ಯಾವಾಗ? 2003ರಿಂದ 2010ರವರೆಗೆ, ಚೀನಾಕ್ಕೆ ಅದಿರು ಹೋಗುತ್ತಿದ್ದ ವರ್ಷಗಳಲ್ಲಿ. ಹೊಸಪೇಟೆ, ಸಂಡೂರು, ತೋರಣಗಲ್ಲುಗಳ ನಡುವೆ ಲಾರಿಗಳ ಸಾಲು ಹಗಲೂ ರಾತ್ರಿ ಮುಗಿಯುತ್ತಿರಲಿಲ್ಲ. ಡಾಂಬರು ಕಿತ್ತು ಹೋಗಿ ಕೆಂಪು ಮಣ್ಣಿನ ಗುಂಡಿಗಳಷ್ಟೇ ಉಳಿದಿದ್ದವು. ಆಗ ಜನ ಯಾವುದರಲ್ಲಿ ಓಡಾಡುತ್ತಿದ್ದರು? ಮಾರುತಿ 800, ಇಂಡಿಕಾ, ಎಸ್ಟೀಮ್, ಹಳೆಯ ಅಂಬಾಸಿಡರ್. ದುಡ್ಡಿದ್ದವರು ಬೆಂಜ್‌ಗಳಲ್ಲಿ. ಮಳೆಗಾಲದಲ್ಲಿ ಕೆಳಗಿನ ಅರ್ಧ ಮೈ ಕೆಂಪಾಗಿ, ಮೇಲರ್ಧ ಮಾತ್ರ ಹೊಳೆಯುತ್ತ ಅವು ನಿಂತಿರುತ್ತಿದ್ದವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳ ಸಾಲು ನಿಂತಿತು, ಆಮೇಲೆ ನಿಧಾನಕ್ಕೆ ರಸ್ತೆಗಳೂ ಸುಧಾರಿಸಿದವು. ಇವತ್ತು ಚಿತ್ರದುರ್ಗದಿಂದ ಹೊಸಪೇಟೆಗೆ ನಾಲ್ಕು ಪಥದ ಹೆದ್ದಾರಿ, ನಮ್ಮ ಓಣಿಗೂ ಸಿಮೆಂಟು. ಕಾರುಗಳು ಎತ್ತರವಾದದ್ದು ರೋಡು ಸರಿಯಾದ ಮೇಲೆ!

ಹಂಪುಗಳ ವಿಷಯ ಬೇರೆ, ಅದನ್ನು ಒಪ್ಪಿಕೊಳ್ಳುತ್ತೇನೆ. ರಸ್ತೆ ನುಣ್ಣಗಾದಷ್ಟೂ ಹಂಪು ಹೆಚ್ಚುತ್ತವೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದಲ್ಲಿ ಒಂದು ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಅಂದರೆ ಗೊತ್ತೇ ಆಗದಂತೆ ಹತ್ತಿ ಇಳಿಯುವಷ್ಟು ಅಗಲ. ನಮ್ಮ ಕಡೆ ಊರಿಗೊಂದು ಹಂಪು ಹಾಕುವವರು ಊರವರೇ. ಕುರಿಯೋ ಕೂಸೋ ಗಾಡಿಗೆ ಅಡ್ಡ ಬಂದ ಮಾರನೆಯ ದಿನ ಎರಡು ಬುಟ್ಟಿ ಕಾಂಕ್ರೀಟು ಸುರಿಯುತ್ತಾರೆ. ಎತ್ತರ ಮನಸ್ಸಿಗೆ ಬಂದಷ್ಟು, ಅಗಲ ಒಂದು ಮೊಳ. ಅದರ ಮೇಲೆ ನನ್ನ ಕಾರು ದಾಟಿಸುವಾಗ ಹಿಂದೆ ಕೂತವರನ್ನು ಇಳಿಸಿ, ಓರೆಯಾಗಿ ಒಂದೊಂದೇ ಚಕ್ರ ಹತ್ತಿಸಬೇಕು. ಒಮ್ಮೆ ಚೇಂಬರ್ ಬಡಿದು ಎಣ್ಣೆ ಸೋರಿದಾಗ ಗ್ಯಾರೇಜಿನ ಮಿಸ್ತ್ರಿ ಕೆಳಗೆ ಮಲಗಿಕೊಂಡೇ ಬುದ್ಧಿ ಹೇಳಿದ: "ಮೇಷ್ಟ್ರೆ, ಇದು ಬೆಂಗಳೂರಾಗ ಇರೋ ಗಾಡಿ ರೀ. ಮಾರಿ ಒಂದು ಎತ್ತರದ್ದು ತಗೊಳ್ರಿ." "ಎತ್ತರದ್ದು ತಗೊಂಡ್ರೆ ನಿನ್ನ ಗ್ಯಾರೇಜು ನಡೆಯೋದು ಹೆಂಗಪ್ಪಾ?" ಎಂದೆ. ನಕ್ಕ, ಬಿಲ್ಲಿನಲ್ಲಿ ಮಾತ್ರ ಏನೂ ಬಿಡಲಿಲ್ಲ.

ಆದರೂ ಹಂಪೊಂದೇ ಕಾರಣವಾಗಿದ್ದರೆ ಹಂಪಿಲ್ಲದ ದೇಶಗಳಲ್ಲಿ ಸೆಡಾನ್ ಬದುಕಬೇಕಿತ್ತಲ್ಲ? ಮೂವತ್ತು ಮೈಲಿ ನೇರ ಹೋಗುವ ರಸ್ತೆಗಳ ಅಮೆರಿಕದಲ್ಲೇ ಫೋರ್ಡ್ ಕಂಪನಿ 2018ರಲ್ಲಿ ಇನ್ನು ಸೆಡಾನ್ ಮಾರುವುದಿಲ್ಲ ಎಂದು ಸಾರಿತು. ಅಷ್ಟೇ ಅಲ್ಲ, ಕ್ರಾಸ್‌ಓವರ್ ಎಂಬ ಈ ಗಾಡಿಗಳಲ್ಲಿ ಬಹುಪಾಲು ಗುಡ್ಡ ಹತ್ತುವ ಜೀಪುಗಳಲ್ಲ. ಎಂಜಿನ್ ತಿರುಗಿಸುವುದು ಮುಂದಿನ ಎರಡೇ ಚಕ್ರಗಳನ್ನು. ಟಾಟಾ ಪಂಚ್ ನಿಂತಿರುವುದು ಅದೇ ಕಂಪನಿಯ ಆಲ್ಟ್ರೋಜ್ ಎಂಬ ಸಾಧಾರಣ ಕಾರಿನ ಅಡಿಪಾಯದ ಮೇಲೆ. ಉಬ್ಬಿದ ಎದೆ, ಎತ್ತರದ ಸೀಟು, ಚಕ್ರದ ಸುತ್ತ ಕಪ್ಪು ಪ್ಲಾಸ್ಟಿಕ್ಕು, ವೇಷ ಅಷ್ಟೇ. ಈ ವೇಷಧಾರಿ ಪಂಚ್ 2024ರಲ್ಲಿ ದೇಶದಲ್ಲೇ ಅತಿ ಹೆಚ್ಚು ಮಾರಾಟವಾದ ಕಾರಾಗಿ ಮಾರುತಿಯ ನಾಲ್ಕು ದಶಕಗಳ ಪಟ್ಟ ಕಿತ್ತುಕೊಂಡಿತು. ಅದಕ್ಕೆ ಆರು ವರ್ಷ ಹಿಂದೆ, 2018ರಲ್ಲಿ, ಆ ಪಟ್ಟದಲ್ಲಿದ್ದುದು ಡಿಸೈರ್.

ನನ್ನ ಅನುಮಾನ ಇರುವುದು ಸೀಟಿನ ಮೇಲೆ. ಯಾರು ಯಾವ ಸೀಟಿನಲ್ಲಿ ಕೂರುತ್ತಾರೆ ಎಂಬುದರ ಮೇಲೆ.

ಅಂಬಾಸಿಡರ್ ನೆನಪಿಸಿಕೊಳ್ಳಿ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚು. 1950ರ ದಶಕದ ಕೊನೆಗೆ ಬಂದು, 2014ರ ಮೇ ತಿಂಗಳಲ್ಲಿ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಕಣ್ಣು ಮುಚ್ಚಿತು. ಅದರಲ್ಲಿ ಸೋಫಾದಂತಹ ಸೀಟು, ರುಮಾಲು ಸುತ್ತಿಕೊಂಡವರೂ ತಲೆ ಬಗ್ಗಿಸದೆ ಕೂರುವಷ್ಟು ಜಾಗ. ಅದೂ ಡಿಕ್ಕಿ ಕಾರೇ, ಆದರೆ ತಗ್ಗಿನ ಕಾರಲ್ಲ. 1990ರ ದಶಕದಲ್ಲಿ ಸಿಯೆಲೋ, ಆಸ್ಟ್ರಾ, ಹೋಂಡಾ ಸಿಟಿಗಳು ಬಂದಾಗ ನಾವು ಗಾಳಿ ಸೀಳಿ ಓಡುವ ಅಂದಕ್ಕೆ ಮರುಳಾದೆವು. ಕಾರು ಚಪ್ಪಟೆಯಾಯಿತು, ಸೀಟು ನೆಲಕ್ಕೆ ಇಳಿಯಿತು. ಯೌವನಕ್ಕೆ ಅದು ಒಪ್ಪುತ್ತದೆ. ಬೊಮ್ಮಗಟ್ಟದ ಹುಲಿಕುಂಟೆರಾಯನಿಗೆ ಹೋಗಿ ಬರುವಷ್ಟರಲ್ಲಿ ನಮ್ಮಪ್ಪ ನನ್ನ ಕಾರಿನಿಂದ ಏಳಲು ಬಾಗಿಲನ್ನೂ ನನ್ನ ಭುಜವನ್ನೂ ಹಿಡಿದು, "ಬಾವಿಯಿಂದ ಮ್ಯಾಲೆ ಬಂದಂಗಾಗತೈತಿ" ಅನ್ನುತ್ತಾರೆ. ಅದೇ ಅಪ್ಪ ನನ್ನ ತಮ್ಮನ ಕ್ರೆಟಾದಲ್ಲಿ ಹತ್ತಲೂ ಬೇಕಿಲ್ಲದೆ ಇಳಿಯಲೂ ಬೇಕಿಲ್ಲದೆ ಪಕ್ಕಕ್ಕೆ ಸರಿದು ಕೂತುಬಿಡುತ್ತಾರೆ. ಮಂಡಿನೋವಿನ ಮನೆಯಲ್ಲಿ ಇದಕ್ಕೆ ಎದುರಾಡಲು ನನ್ನ ಬಳಿ ಮಾತಿಲ್ಲ. ಕ್ರಾಸ್‌ಓವರು ಹೊಸದೇನನ್ನೂ ಕೊಡಲಿಲ್ಲ. ಅಂಬಾಸಿಡರ್ ಕೊಟ್ಟಿದ್ದ ಕೂರುವ ಭಂಗಿಯನ್ನು ಇಪ್ಪತ್ತು ವರ್ಷ ತಡವಾಗಿ ವಾಪಸು ಕೊಟ್ಟಿತು, ಡಿಕ್ಕಿ ಮಾತ್ರ ಇಟ್ಟುಕೊಂಡಿತು.

ಎರಡನೆಯ ಮಾತು ಡ್ರೈವರನದು. ಐಷಾರಾಮದ ಸೆಡಾನ್ ಅಂದರೆ ಹಿಂದಿನ ಸೀಟು. ಮುಂದೆ ಓಡಿಸುವವನು ಸಂಬಳದವನು, ಹಿಂದೆ ಎಡಗಡೆ ಕೂತವನು ಧಣಿ. ಇಡೀ ಕಾರನ್ನು ಆ ಒಬ್ಬನ ಕಾಲು ಚಾಚುವ ಜಾಗದ ಸುತ್ತ ಕಟ್ಟಿರುತ್ತಾರೆ. ಈಗ ಧಣಿಯೇ ಸ್ಟೇರಿಂಗ್ ಹಿಡಿದಿದ್ದಾನೆ. ಸ್ವಂತ ಓಡಿಸುವವನಿಗೆ ಹಿಂದಿನ ಸೀಟಿನ ಸುಖ ಯಾಕೆ? ಅವನಿಗೆ ಎದುರಿನ ರಸ್ತೆ ಮೇಲಿನಿಂದ ಕಾಣಬೇಕು. ಈ ಮಾತಿಗೆ ಸಾಕ್ಷಿ ಬೇಕೆಂದರೆ ಬೆಂಜ್ ಕಂಪನಿಯನ್ನೇ ಕೇಳಬಹುದು. 2017ರಿಂದ ಅದು ಭಾರತದಲ್ಲಿ ಮಾರುತ್ತಿರುವುದು ಹಿಂದಿನ ಸೀಟಿಗೆಂದೇ ಮೈ ಉದ್ದ ಮಾಡಿದ ಇ-ಕ್ಲಾಸ್ ಸೆಡಾನ್. ಅದು ಇಲ್ಲಿ ಆ ಕಂಪನಿಗೆ ಅತಿ ಹೆಚ್ಚು ಗಿರಾಕಿ ತಂದ ಗಾಡಿಗಳಲ್ಲೊಂದು. ಧಣಿ ಇನ್ನೂ ಹಿಂದೆಯೇ ಕೂರುವ ಎತ್ತರದಲ್ಲಿ ಸೆಡಾನ್ ಉಳಿದಿದೆ. ಸಾಯುತ್ತಿರುವುದು ಅದರ ಕೆಳಗಿನ ಮೆಟ್ಟಿಲು, ಸಾಹೇಬನಾಗಲು ಹೊರಟ ಮಧ್ಯಮ ವರ್ಗದ ಸೆಡಾನ್.

ಈ ಮೆಟ್ಟಿಲು ಕುಸಿದದ್ದನ್ನು ನಮ್ಮ ಬಿಡದಿಯಲ್ಲೇ ನೋಡಬಹುದು. ಟೊಯೊಟಾ ಕಿರ್ಲೋಸ್ಕರ್ ಅಲ್ಲಿ 2000ದಲ್ಲಿ ಕ್ವಾಲಿಸ್ ತಂದಿತು, 2003ರಲ್ಲಿ ಕೊರೊಲಾ. ವಕೀಲರು, ಡಾಕ್ಟರರು, ಕಂಟ್ರಾಕ್ಟರರು ಕೊರೊಲಾ ತಗೊಂಡರೆ ಮೇಲೆ ಬಂದರು ಎಂದೇ ಲೆಕ್ಕ. 2020ರಲ್ಲಿ ಕೊರೊಲಾ ನಿಂತಿತು. 2018ರಲ್ಲಿ ಬಂದ ಯಾರಿಸ್ 2021ರಲ್ಲೇ ಹೋಯಿತು. ಕ್ಯಾಮ್ರಿ ಎಂಬ ಹಿರಿಯಣ್ಣ ಮಾತ್ರ ಹಿಂದಿನ ಸೀಟಿನ ಪುಣ್ಯದಿಂದ ಉಸಿರಾಡುತ್ತಿದೆ. ಅದೇ ಕಾರ್ಖಾನೆಯಿಂದ 2005ರಲ್ಲಿ ಹೊರಟ ಇನ್ನೋವಾ, 2009ರಲ್ಲಿ ಹೊರಟ ಫಾರ್ಚುನರ್ ಇವತ್ತಿಗೂ ದಣಿದಿಲ್ಲ. ಹೋಂಡಾದ ಸಿವಿಕ್ 2020ರಲ್ಲಿ ಹೋಯಿತು, ಹ್ಯುಂಡೈ ಎಲಾಂಟ್ರಾ 2022ರಲ್ಲಿ, ಮಾರುತಿ ಸಿಯಾಜ್ 2025ರಲ್ಲಿ. 2024-25ರ ಲೆಕ್ಕದಲ್ಲಿ ದೇಶದಲ್ಲಿ ಮಾರಾಟವಾದ ನೂರು ಪ್ರಯಾಣಿಕ ವಾಹನಗಳಲ್ಲಿ ಸುಮಾರು ಅರವತ್ತೈದು ಎತ್ತರದ ಜಾತಿಯವೇ.

ಸರ್ಕಾರವೂ ತನ್ನ ಪಾಲಿನ ಕತ್ತರಿ ಆಡಿಸಿದೆ. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿಗಿಂತ ಗಿಡ್ಡ ಕಾರಿಗೆ ತೆರಿಗೆ ಇಳಿಸಿದಾಗ ಮೊದಲು ಬಲಿಯಾದದ್ದು ಡಿಕ್ಕಿ. 2008ರಲ್ಲಿ ಟಾಟಾ ಇಂಡಿಗೋ ತನ್ನ ಬಾಲ ಕತ್ತರಿಸಿಕೊಂಡು ಬಂತು, 2012ರಲ್ಲಿ ಡಿಸೈರೂ ಕತ್ತರಿಸಿಕೊಂಡಿತು. ಉದ್ದವೇ ಅಂದವಾಗಿದ್ದ ಆಕಾರವನ್ನು ಮೋಟು ಮಾಡಿದ ಮೇಲೆ ಉಳಿದದ್ದು ಜಡೆಯಿಲ್ಲದ ಕುಪ್ಪಿಗೆ. ಎತ್ತರದ ಗಾಡಿಗಳಿಗೆ ಪೆಟ್ಟು ಬೀಳಲಿಲ್ಲವೆಂದಲ್ಲ. 2013ರ ಬಜೆಟ್ಟು ನೆಲದಿಂದ 170 ಮಿಲಿಮೀಟರಿಗಿಂತ ಮೇಲೆ ನಿಲ್ಲುವ ದೊಡ್ಡ ಗಾಡಿಗಳ ಅಬಕಾರಿ ಸುಂಕವನ್ನು ಶೇಕಡಾ 27ರಿಂದ 30ಕ್ಕೆ ಏರಿಸಿತು. ಜನ ಕ್ಯಾರೇ ಅನ್ನಲಿಲ್ಲ.

ಯಾಕೆ ಅನ್ನಲಿಲ್ಲ ಎಂಬುದಕ್ಕೆ ಬಳ್ಳಾರಿ ಸೀಮೆಯವರಿಗೆ ವಿವರಣೆ ಬೇಕಿಲ್ಲ. ಅಧಿಕಾರ ಮೊದಲು ಗೂಟದಲ್ಲಿತ್ತು. ಬಿಳಿ ಅಂಬಾಸಿಡರ್, ಮೇಲೊಂದು ಕೆಂಪು ದೀಪ, ಜನ ದಾರಿ ಬಿಟ್ಟರು. 2017ರ ಮೇ 1ರಿಂದ ಗೂಟ ತೆಗೆಸಿದರು. ಆಮೇಲೆ ಗಾಡಿಯೇ ಗೂಟವಾಯಿತು. ಈಗ ಹೊಸಪೇಟೆಯ ಕಲ್ಯಾಣಮಂಟಪದೆದುರು ಬಿಳಿ ಫಾರ್ಚುನರ್ ಬಂದು ನಿಂತರೆ ಒಳಗಿರುವವರು ತಾಲ್ಲೂಕು ಪಂಚಾಯ್ತಿಯ ಮಾಜಿಯೋ, ಶಾಸಕರ ಸೋದರಳಿಯನೋ, ಬರೀ ಬಡ್ಡಿ ವ್ಯವಹಾರದವರೋ ಎಂದು ಯಾರೂ ಕೇಳುವುದಿಲ್ಲ, ಕುರ್ಚಿ ತರಿಸುತ್ತಾರೆ. ನಾನು ನನ್ನ ಕಾರಿನಿಂದ ಒಂದು ಕೈ ಊರಿ ಏಳುವಷ್ಟರಲ್ಲಿ ಕುರ್ಚಿ ಮುಗಿದಿರುತ್ತವೆ.

ಎತ್ತರದ ಆಸೆ ಈ ನೆಲಕ್ಕೆ ಹೊಸದೂ ಅಲ್ಲ. ಹಂಪಿಯ ಅರಸರು ಮಹಾನವಮಿ ದಿಬ್ಬ ಕಟ್ಟಿಸಿದ್ದೂ ತಾವು ನೋಡಲಿಕ್ಕೆ, ತಮ್ಮನ್ನು ಜನ ನೋಡಲಿಕ್ಕೆ. 1565ರ ಸೋಲಿನ ಮೇಲೆ ಅವರ ರಾಜಧಾನಿ ಪೆನುಕೊಂಡಕ್ಕೆ ಹೋಯಿತು. ಅದೇ ಪೆನುಕೊಂಡದ ಬಳಿ ಈಗ ಕಿಯಾ ಕಾರ್ಖಾನೆ. 2019ರಿಂದ ಅಲ್ಲಿ ತಯಾರಾಗುವ ಸೆಲ್ಟೋಸ್‌ಗಳು ಹಂಪಿಯ ದಾರಿಯಲ್ಲಿ ಸಾಲುಸಾಲಾಗಿ ಓಡಾಡುತ್ತಿವೆ. ಇತಿಹಾಸಕ್ಕೂ ತಮಾಷೆ ಗೊತ್ತು.

ಆದರೆ ಎತ್ತರದಲ್ಲೊಂದು ತೊಡಕಿದೆ. ಉಳಿದವರು ತಗ್ಗಿನಲ್ಲಿರುವ ತನಕ ಮಾತ್ರ ಅದು ಎತ್ತರ. ಮೊದಲ ಸ್ಕಾರ್ಪಿಯೋದವನಿಗೆ ಊರೆಲ್ಲ ಕಾಣುತ್ತಿತ್ತು. ಈಗಿನದು ಎಲ್ಲರೂ ಎದ್ದು ನಿಂತ ಸಿನಿಮಾ ಟಾಕೀಸು, ಅಲ್ಲಿ ಕೂತು ನೋಡುವವನಿಗೂ ಪರದೆ ಕಾಣುವುದಿಲ್ಲ, ನಿಂತು ನೋಡುವವನಿಗೂ ಮುಂದಿನವನ ಬೆನ್ನೇ ಕಾಣುವುದು. ಇನ್ನು ಅದಿರು ತುಂಬಿದ ಟಿಪ್ಪರಿನ ಹಿಂದೆ ಸಿಕ್ಕಿಕೊಂಡರೆ ಫಾರ್ಚುನರೂ ಕುಳ್ಳನೇ. ಗಣಿಗಳು ಮತ್ತೆ ಶುರುವಾಗಿವೆ, ಟಿಪ್ಪರುಗಳಿಗೆ ಬರವಿಲ್ಲ.

ತಗ್ಗಿನ ಕಾರಿನ ಪರವಾಗಿ ಹೇಳಲು ನನಗೂ ಒಂದೆರಡು ಮಾತಿವೆ. ಹೆದ್ದಾರಿಯ ತಿರುವಿನಲ್ಲಿ ಅದು ವಾಲುವುದಿಲ್ಲ; ಭಾರ ಕೆಳಗಿದೆ. ಎತ್ತರದ ಗೋಡೆಯಿಂದ ಗಾಳಿ ತಳ್ಳುತ್ತ ಹೋಗುವುದಿಲ್ಲವಾಗಿ ಅಷ್ಟೇ ಎಂಜಿನ್ನಿಗೆ ಕುಡಿಯುವುದೂ ಕಡಿಮೆ. ಎಲ್ಲಕ್ಕಿಂತ ಹೆಚ್ಚಾಗಿ ಡಿಕ್ಕಿಗೆ ಬೇರೆ ಕೋಣೆ. ಕಂಪ್ಲಿಯಿಂದ ಅಕ್ಕಿ ಚೀಲ ಹಾಕಿಕೊಂಡು ಬಂದರೆ, ಬ್ಯಾಡಗಿ ಮೆಣಸಿನಕಾಯಿ ತುಂಬಿಕೊಂಡು ಬಂದರೆ ಕೂತವರಿಗೆ ಗೊತ್ತಾಗುವುದಿಲ್ಲ. ನನ್ನ ತಮ್ಮ ಒಮ್ಮೆ ಅದೇ ಮೆಣಸಿನಕಾಯಿಯನ್ನು ಕ್ರೆಟಾದ ಹಿಂದೆ ಹಾಕಿಕೊಂಡು ಎಸಿ ಹಚ್ಚಿದ. ಹೊಸಪೇಟೆ ದಾಟುವಷ್ಟರಲ್ಲಿ ಮನೆಮಂದಿಯೆಲ್ಲ ಸೀನಿ ಸೀನಿ ಸುಸ್ತು. ಸೀಟಿನ ಮೇಲೆ ಎತ್ತರ ಗೆದ್ದಿದೆ, ನಿಜ. ಮೂಗಿನ ಲೆಕ್ಕದಲ್ಲಿ ಗೆದ್ದದ್ದು ನಾನು.

ಈ ಯುದ್ಧ ಮುಗಿದಿದೆ, ನಾನು ಸೋತ ಪಕ್ಷದವನು, ಗೊತ್ತಿದೆ. ಎತ್ತರದ ಕಾರು ಕೊಂಡವರ ಮೇಲೆ ನನಗೆ ಸಿಟ್ಟೂ ಇಲ್ಲ, ಹೊಟ್ಟೆಕಿಚ್ಚಂತೂ ಇಲ್ಲ. ಒಂದೇ ಒಂದು ಕೋರಿಕೆ. ರಾತ್ರಿ ಬಂಡ್ರಿ ಕಡೆಯಿಂದ ಬರುವಾಗ ನಿಮ್ಮ ಹೆಡ್‌ಲೈಟು ನೇರ ನನ್ನ ಕಣ್ಣಿನ ಮಟ್ಟಕ್ಕೆ ಬೀಳುತ್ತದೆ. ರಸ್ತೆ, ಗುಂಡಿ, ಹಂಪು, ದನ ಏನೂ ಕಾಣದಾಗುತ್ತದೆ. ಎದುರಿಗೆ ತಗ್ಗಿನ ಕಾರೊಂದು ಬಂದರೆ ದಯವಿಟ್ಟು ಡಿಮ್ ಮಾಡಿ.